ಬಿಸಿಲಿನ ನಾಡಿನಿಂದ ಬಲ್ಬಿನ ತೋಟಕ್ಕೆ

(ಸಿಂಧನೂರಿನಲ್ಲಿ ರೈತರು ಮತ್ತು ಕೃಷಿ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ. ವೇದಿಕೆಯಲ್ಲಿ ಬಾಯಿಲೆಕ್ಕ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು ಫೋನಿನಲ್ಲಿ ಹೇಳಿದ್ದು ಇಷ್ಟು: "ಸರ, ಮಣ್ಣಿಲ್ದ, ಬಿಸಿಲಿಲ್ದ, ಆಳಿಲ್ದ ಬೆಳಿ ಬೆಳೆಯೋದು ನೋಡಿ ಬಂದೀರಂತಲ್ರಿ, ಅದನ್ನ ನಮ್ ಮಂದಿಗೆ ಹೇಳ್ರಿ." ಮಣ್ಣಿಲ್ಲ, ನಿಜ. ಬಿಸಿಲಿಲ್ಲ, ಅದೂ ನಿಜ. ಆಳಿಲ್ಲ ಅನ್ನೋದು ಅರ್ಧ ನಿಜ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಕರೆಂಟಿಲ್ಲದೆ ಅಲ್ಲಿ ಒಂದು ಎಲೆಯೂ ಅಲುಗಾಡುವುದಿಲ್ಲ. ನಾನು ಥರ್ಮಲ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮನೆ ಮಾತ್ರ ಕಾರಟಗಿ ಕಡೆಯ ಭತ್ತದ ಮನೆ. ಹಾಗಾಗಿ ನಾನು ನೋಡಿ ಬಂದ, ದೀಪದ ಬೆಳಕಿನಲ್ಲೇ ಸೊಪ್ಪು ಬೆಳೆಯುವ ಆ ತೋಟದೊಳಗೆ ಎಲ್ಲರೂ ಸೊಪ್ಪಿನ ಫೋಟೊ ತೆಗೆಯುತ್ತಿದ್ದರೆ ನನ್ನ ಕಣ್ಣು ಮೀಟರ್ ಎಲ್ಲಿದೆ ಅಂತ ಹುಡುಕುತ್ತಿತ್ತು.

ತೋಟ ಇರುವುದು ಬೆಂಗಳೂರಿನ ಹೊರಗೆ, ಒಂದು ಕೈಗಾರಿಕಾ ಪ್ರದೇಶದಲ್ಲಿ. ಹೊರಗಿನಿಂದ ನೋಡಿದರೆ ಗೋಡೌನು. ಕಿಟಕಿ ಒಂದೂ ಇಲ್ಲ. ಒಳಗೆ ಹೋಗುವ ಮೊದಲು ಚಪ್ಪಲಿ ಬಿಡಿಸಿದರು, ಬೇರೆ ಬೂಟು ಕೊಟ್ಟರು, ತಲೆಗೆ ಟೋಪಿ, ಮೈಗೆ ನಿಲುವಂಗಿ. ಆಮೇಲೆ ಒಂದು ಚಿಕ್ಕ ಕೋಣೆಯಲ್ಲಿ ನಿಲ್ಲಿಸಿ ನಾಲ್ಕೂ ಕಡೆಯಿಂದ ಜೋರಾಗಿ ಗಾಳಿ ಊದಿದರು. ಬಟ್ಟೆಗೆ ಅಂಟಿದ ಹುಳ, ಮೊಟ್ಟೆ, ಬೂಸ್ಟಿನ ಬೀಜ ಒಳಗೆ ಹೋಗಬಾರದು. ಒಂದು ಗಿಡಹೇನು ಒಳಗೆ ಹೊಕ್ಕರೆ ಸಾಕು, ಅದನ್ನು ತಿನ್ನುವ ಗುಲಗಂಜಿ ಹುಳ ಅಲ್ಲಿ ಇರುವುದಿಲ್ಲವಲ್ಲ. ಹೊರಗೆ ಪ್ರಕೃತಿ ಪುಕ್ಕಟೆ ಮಾಡುವ ಕಾವಲನ್ನು ಅಲ್ಲಿ ಬಾಗಿಲಲ್ಲೇ ದುಡ್ಡು ಕೊಟ್ಟು ಮಾಡಬೇಕು. ಅದರ ಫಲವೂ ಇದೆ. ಒಳಗೆ ಔಷಧಿ ಹೊಡೆಯುವುದಿಲ್ಲ. ಎಲೆ ಕಿತ್ತು ತೊಳೆಯದೆ ತಿನ್ನಬಹುದು.

ಒಳಗೆ ಕಬ್ಬಿಣದ ರ್‍ಯಾಕುಗಳು, ಸೂರಿನ ತನಕ ಅಂತಸ್ತಿನ ಮೇಲೆ ಅಂತಸ್ತು. ಪ್ರತಿ ಅಂತಸ್ತಿಗೂ ಮೇಲೆ ಎಲ್‌ಇಡಿ ಪಟ್ಟಿ, ಕೆಳಗೆ ಟ್ರೇ, ಟ್ರೇಯ ಅಡಿಯಲ್ಲಿ ತೆಳುವಾಗಿ ಹರಿಯುವ ನೀರು. ಬೀಜ ಹಾಕುವುದು ಯಂತ್ರ. ಒಂದೊಂದು ಸ್ಪಂಜಿನ ತುಂಡಿಗೆ ಒಂದೊಂದು ಬೀಜ. ಅದು ಮೊದಲು ಕತ್ತಲೆ ಕೋಣೆಗೆ ಹೋಗುತ್ತದೆ. ಮೊಳಕೆ ಬಂದ ಮೇಲೆ ಒಂದು ಲಿಫ್ಟು ಟ್ರೇಯನ್ನು ಎತ್ತಿ ಅದರ ಜಾಗದಲ್ಲಿ ಇಡುತ್ತದೆ. ಅಲ್ಲಿ ಮನುಷ್ಯರು ಗಿಡದ ಹತ್ತಿರ ಹೋಗುವುದಿಲ್ಲ, ಗಿಡವೇ ಮನುಷ್ಯರ ಹತ್ತಿರ ಬರುತ್ತದೆ.

ನನಗೆ ಬಹಳ ಹಿಡಿಸಿದ ಯಂತ್ರ ಗಿಡಗಳ ನಡುವಿನ ಅಂತರ ಹೆಚ್ಚಿಸುವ ಯಂತ್ರ. ಸಸಿ ಚಿಕ್ಕದಿದ್ದಾಗ ಒತ್ತೊತ್ತಾಗಿ ಇರುತ್ತವೆ. ಬೆಳೆದಂತೆ ಒಂದು ಕೈ ಬಂದು ಅವನ್ನು ಎತ್ತಿ ಇನ್ನೊಂದು ಟ್ರೇಯಲ್ಲಿ ದೂರ ದೂರ ಇಡುತ್ತದೆ. ಯಾಕೆ ಗೊತ್ತಾ? ಖಾಲಿ ಜಾಗದ ಮೇಲೆ ಬೆಳಕು ಬೀಳಬಾರದು. ನಮ್ಮ ಹೊಲದಲ್ಲಿ ಎರಡು ಸಾಲಿನ ನಡುವೆ ಬಿಸಿಲು ಬಿದ್ದರೆ ಯಾರಿಗೂ ನಷ್ಟವಿಲ್ಲ. ಅಲ್ಲಿ ಹಾಗೆ ಬಿದ್ದ ಬೆಳಕಿಗೂ ಬಿಲ್ ಬರುತ್ತದೆ.

ಬೆಳಕು ತುಸು ಗುಲಾಬಿ ಬಣ್ಣದ್ದು. ಎಲೆಯೊಳಗಿನ ಹಸಿರು ದ್ರವ್ಯವು ಕೆಂಪು ಮತ್ತು ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಹಾಗಾಗಿ ಆ ಎರಡಕ್ಕೇ ಒತ್ತು. ನೀಲಿ ಎಲ್‌ಇಡಿ ಮಾಡುವುದು ಬಹಳ ದಿನ ಕಗ್ಗಂಟಾಗಿತ್ತು. ಅದನ್ನು ಬಿಡಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಅದಿಲ್ಲದಿದ್ದರೆ ಇಂಥ ತೋಟವೂ ಇಲ್ಲ, ನಮ್ಮ ಮನೆಯ ಎಲ್‌ಇಡಿ ಬಲ್ಬೂ ಇಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನೂ ಹೆಚ್ಚಿಸುತ್ತಾರೆ. ಹೊರಗೆ ಹತ್ತು ಲಕ್ಷಕ್ಕೆ ಸುಮಾರು 420 ಪಾಲು ಇದ್ದರೆ ಒಳಗೆ 1,000ದ ಆಸುಪಾಸು. ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರ ಒಳಗೆ ಇರಬೇಕು. ಗೊಬ್ಬರದ ಲವಣ ಎಷ್ಟು ಕರಗಿದೆ ಎಂದು ಸೆನ್ಸರ್ ಸದಾ ಅಳೆಯುತ್ತದೆ. ಕಡಿಮೆಯಾದರೆ ತಾನೇ ಹನಿಸುತ್ತದೆ, ಜಾಸ್ತಿಯಾದರೆ ನೀರು ಬೆರೆಸುತ್ತದೆ.

ಈಗ ಆಳಿನ ಮಾತು. ಕೊನೆಯ ಕೋಣೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ನಿಂತು ಸೊಪ್ಪನ್ನು ಡಬ್ಬಿಗೆ ತುಂಬುತ್ತಿದ್ದರು. ಒಬ್ಬಾಕೆಯ ಮಾತಿನ ಧಾಟಿ ಕಿವಿಗೆ ಬಿತ್ತು. "ಯಾವೂರವ್ವಾ?" ಅಂದೆ. "ಲಿಂಗಸ್ಗೂರ್ ಕಡೇರ್‍ರಿ" ಅಂದಳು. ಕೆಲಸ ಹೇಗಿದೆ ಅಂತ ಕೇಳಿದ್ದಕ್ಕೆ, "ಬಿಸಿಲಾಗ ಕಸಾ ತೆಗಿಯೋದ್ಕಿಂತ ಛಲೋ ಐತ್ರಿ. ಥಂಡಿ ಮಾತ್ರ ಭಾಳ" ಅಂದಳು. ಈ ಸೊಪ್ಪು ತಿಂದು ನೋಡಿದ್ದೀಯಾ ಅಂದೆ. ನಕ್ಕಳು. "ಇದಕ್ಕ ಪುಂಡಿಪಲ್ಯಾದಂಗ ಹುಳಿನೂ ಇಲ್ಲ, ಮೆಂತೆಪಲ್ಯಾದಂಗ ವಾಸನಿನೂ ಇಲ್ರಿ. ಯಾಕ ತಿಂತಾರೋ ಏನೋ." ನಮ್ಮ ಜಿಲ್ಲೆಯಿಂದ ಗುಳೆ ಹೋದವರು ಕಟ್ಟಡದ ಕೆಲಸದಲ್ಲಷ್ಟೇ ಇರುತ್ತಾರೆ ಅಂದುಕೊಳ್ಳಬೇಡಿ. ರೋಬೊಟ್ ತೋಟದಲ್ಲೂ ಇದ್ದಾರೆ.

ಸರಿ, ಮೀಟರಿಗೆ ಬರೋಣ. ಆ ಕಂಪನಿಯ ಬಿಲ್ ನಾನು ಹೇಳುವುದಿಲ್ಲ. ಗಿಡಕ್ಕೆ ಎಷ್ಟು ಬೆಳಕು ಬೇಕು, ಒಳ್ಳೆಯ ಎಲ್‌ಇಡಿ ಒಂದು ಯೂನಿಟ್‌ಗೆ ಎಷ್ಟು ಬೆಳಕು ಕೊಡುತ್ತದೆ, ಎರಡೂ ಎಲ್ಲರಿಗೂ ಗೊತ್ತಿರುವ ಸಂಗತಿ. ಲೆಟ್ಯೂಸ್ ಎಂಬ ಸಲಾಡ್ ಸೊಪ್ಪನ್ನು ತೆಗೆದುಕೊಂಡರೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 1.3 ಯೂನಿಟ್ ಬೇಕು. ಇದು ಬರೀ ದೀಪಕ್ಕೆ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಅಲ್ಲಿಗೆ ಒಂದೇ ಅಂತಸ್ತಿಗೆ, ಒಂದೇ ದಿನಕ್ಕೆ, 5,200 ಯೂನಿಟ್ ಚಿಲ್ಲರೆ. ನಮ್ಮ ಥರ್ಮಲ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡುತ್ತೇವೆ. ಹಾಗಾದರೆ ಒಂದು ಎಕರೆ, ಒಂದು ಅಂತಸ್ತು, ಒಂದು ದಿನ: ಮೂರೂವರೆ ಟನ್ ಕಲ್ಲಿದ್ದಲು.

ಅದೇ ಎಕರೆ ಹೊರಗೆ ಬಯಲಲ್ಲಿ ಇದ್ದರೆ? ರಾಯಚೂರಿನ ಬಿಸಿಲು ಒಂದು ಚದರ ಮೀಟರಿಗೆ ದಿನಕ್ಕೆ ಸರಾಸರಿ ಐದೂವರೆ ಯೂನಿಟ್‌ನಷ್ಟು ಶಕ್ತಿ ಸುರಿಯುತ್ತದೆ. ಎಕರೆಗೆ 22 ಸಾವಿರ ಯೂನಿಟ್. ಅದೆಲ್ಲವೂ ಗಿಡ ಬಳಸುವ ಬೆಳಕಲ್ಲ, ಆದರೂ ಲೆಟ್ಯೂಸಿಗೆ ಬೇಕಾದ ಬೆಳಕಿನ ಸುಮಾರು ಮೂರು ಪಟ್ಟು. ಮೀಟರ್ ಇಲ್ಲ, ಬಿಲ್ ಇಲ್ಲ. ನಾವು ದಿನಾ ಬೈಯುವ ಬಿಸಿಲು ಇದೇ.

ಇಲ್ಲಿ ಯಾವಾಗಲೂ ಒಬ್ಬ ಹುಡುಗ ಕೈ ಎತ್ತುತ್ತಾನೆ: "ಸರ್, ಸೋಲಾರ್ ಹಾಕಿದ್ರೆ?" ಇವತ್ತೂ ಎತ್ತಿದ್ದಾನೆ ನೋಡಿ. ಹಾಕೋಣಪ್ಪಾ. ಫಲಕ ಬಿಸಿಲಿನ ಐದನೇ ಒಂದು ಪಾಲನ್ನು ಕರೆಂಟು ಮಾಡುತ್ತದೆ. ಒಂದು ಎಕರೆಯನ್ನು ಸಂದಿಲ್ಲದಂತೆ ಫಲಕದಿಂದ ಮುಚ್ಚಿದರೂ ದಿನಕ್ಕೆ 4,400 ಯೂನಿಟ್. ಒಂದು ಅಂತಸ್ತಿಗೇ 5,200 ಬೇಕು. ಅಂದರೆ ಒಂದು ಎಕರೆಯ ಬಿಸಿಲು ಒಂದು ಎಕರೆಯ ಒಂದು ಅಂತಸ್ತಿಗೂ ಸಾಲಲಿಲ್ಲ. ಎಂಟು ಅಂತಸ್ತು ಕಟ್ಟಿದರೆ ಒಂಬತ್ತೂವರೆ ಎಕರೆ ಫಲಕ. ಫಲಕಗಳ ನಡುವೆ ಓಡಾಡಲು ಜಾಗ ಬಿಟ್ಟರೆ ಇನ್ನೂ ಜಾಸ್ತಿ. ಮೇಲಕ್ಕೆ ಕಟ್ಟಿದ್ದು ಭೂಮಿ ಉಳಿಸಲಿಕ್ಕೆ ಅಲ್ವಾ? ಎಂಟು ಎಕರೆ ಬೆಳೆ ಬೆಳೆಯಲು ಒಂದು ಎಕರೆ ಕಟ್ಟಡ, ಹತ್ತು ಎಕರೆ ಫಲಕ! ಹೊಲ ಉಳಿಯಲಿಲ್ಲ, ಬರೀ ಬೇರೆ ಕಡೆ ಹೋಯಿತು. ಅದಕ್ಕಿಂತ ಆ ಎಂಟು ಎಕರೆಯಲ್ಲೇ ನೇರವಾಗಿ ಬಿತ್ತಿದರೆ ಫಲಕದ ಖರ್ಚಾದರೂ ಉಳಿಯುತ್ತಿತ್ತು.

ಇದಿಷ್ಟೂ ದೀಪದ ಲೆಕ್ಕ. ದೀಪಕ್ಕೆ ಕೊಟ್ಟ ಕರೆಂಟು ಹೆಚ್ಚುಕಡಿಮೆ ಪೂರಾ ಶಾಖವಾಗುತ್ತದೆ. ಅದನ್ನು ಹೊರಗೆ ಹಾಕಲು ಏಸಿ. ಗಿಡ ಬೆವರುತ್ತದೆ, ಆ ತೇವ ಕೋಣೆಯಲ್ಲಿ ನಿಂತರೆ ಬೂಸ್ಟು. ಅದನ್ನು ಹಿಂಡಿ ತೆಗೆಯಲು ಮತ್ತೆ ಏಸಿ. ಹಿಂಡಿದ ನೀರು ಪೈಪಿನಲ್ಲಿ ಇಳಿದು ವಾಪಸು ಟ್ಯಾಂಕಿಗೆ ಬರುತ್ತದೆ. "ನಮ್ಮಲ್ಲಿ 95 ಪರ್ಸೆಂಟ್ ನೀರು ಉಳಿತಾಯ" ಎಂದು ಇಂಥ ಕಂಪನಿಗಳು ಜಾಹೀರಾತು ಕೊಡುತ್ತವಲ್ಲ, ಅದು ಸುಳ್ಳಲ್ಲ. ಉಳಿತಾಯದ ಗುಟ್ಟು ಮಾತ್ರ ಇದು. ಎಲೆ ಬಿಟ್ಟ ನೀರನ್ನು ಕರೆಂಟು ಕೊಟ್ಟು ಹಿಡಿದು ತರುತ್ತಾರೆ.

ಹಾಗಿದ್ದರೂ ಅದೇ ನೀರು ಸುತ್ತಿ ಸುತ್ತಿ ಬಂದರೆ ಗಿಡ ಹೀರದ ಉಪ್ಪು ಅದರಲ್ಲಿ ಉಳಿಯುತ್ತಾ ಹೋಗುತ್ತದೆ. ಅದಕ್ಕೇ ಮೊದಲೇ ಆರ್‌ಒ ಮಾಡಿದ ನೀರು ಬೇಕು. ನಮ್ಮ ಕಡೆಯ ಬೋರಿನ ಸವಳು ನೀರನ್ನು ಆರ್‌ಒ ಮಾಡಿದರೆ ಒಳ್ಳೆಯ ನೀರಿನ ಜೊತೆಗೆ ಎರಡರಷ್ಟು ಉಪ್ಪಾದ ನೀರೂ ಹೊರಬರುತ್ತದೆ. ಅದನ್ನು ಎಲ್ಲಿ ಬಿಡುತ್ತೀರಿ? ಪಕ್ಕದವನ ಹೊಲಕ್ಕಾ? ಮೊದಲೇ ಅಚ್ಚುಕಟ್ಟಿನಲ್ಲಿ ಎಷ್ಟೋ ಭೂಮಿ ಸವಳು, ಜವಳು ಆಗಿ ಕೂತಿದೆ.

ಮತ್ತೆ ಯಾಕೆ ಎಲ್ಲರೂ ಸೊಪ್ಪನ್ನೇ ಬೆಳೆಯುತ್ತಾರೆ, ಭತ್ತ ಯಾಕಿಲ್ಲ ಅಂತ ಕೇಳಬಹುದು. ಲೆಟ್ಯೂಸಿನಲ್ಲಿ ನೂರಕ್ಕೆ 95 ಪಾಲು ನೀರು. ಬೆಳಕು ದುಡಿದು ಕಟ್ಟಬೇಕಾದದ್ದು ಉಳಿದ ಐದು ಪಾಲನ್ನು ಮಾತ್ರ. ಬೇರು ಬಿಟ್ಟು ಮಿಕ್ಕದ್ದೆಲ್ಲ ಮಾರಾಟ. ನಾಲ್ಕೈದು ವಾರದಲ್ಲಿ ಕೊಯ್ಲು. ಭತ್ತ ಹಾಗಲ್ಲ. ಕಾಳಿನಲ್ಲಿ ನೀರು ಇರುವುದು ನೂರಕ್ಕೆ ಹದಿಮೂರು ಹದಿನಾಲ್ಕು. ಹುಲ್ಲಿಗೂ ಬೆಳಕು ಕೊಡಬೇಕು, ಹುಲ್ಲನ್ನು ಸಲಾಡ್ ಅಂತ ಮಾರಲು ಆಗುವುದಿಲ್ಲ. ನಮ್ಮ ಬಿಸಿಲಿನಷ್ಟೇ ಬೆಳಕನ್ನು 120 ದಿನ ಬಲ್ಬಿನಿಂದ ಕೊಟ್ಟರೆ ಚದರ ಮೀಟರಿಗೆ 440 ಯೂನಿಟ್ ದಾಟುತ್ತದೆ. ಅಷ್ಟರಲ್ಲಿ ಒಂದು ಕೆಜಿ ಭತ್ತ ಬಂತು ಅನ್ನಿ. ಎಕರೆಗೆ 40 ಕ್ವಿಂಟಲ್ ಆಯಿತು, ಒಳ್ಳೆಯ ಇಳುವರಿಯೇ. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಒಂದು ಕೆಜಿ ಭತ್ತಕ್ಕೆ 3 ಸಾವಿರ ರೂಪಾಯಿ ಕರೆಂಟು. ಗಂಗಾವತಿಯ ಯಾವ ಮಿಲ್ಲಿನವರು ಈ ರೇಟಿಗೆ ಕೊಳ್ಳುತ್ತಾರೋ ನೀವೇ ಹೇಳಿ.

ಗೋಧಿಯ ಮೇಲೆ ವಿಜ್ಞಾನಿಗಳು ಇಂಥದೇ ಲೆಕ್ಕ ಮಾಡಿದ್ದಾರೆ. 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಒಂದು ಹೆಕ್ಟೇರಿನ ಮೇಲೆ ಹತ್ತು ಅಂತಸ್ತು ಕಟ್ಟಿದರೆ ವರ್ಷಕ್ಕೆ 700 ಟನ್ ಗೋಧಿ ತೆಗೆಯಬಹುದು. ಜಗತ್ತಿನ ಸರಾಸರಿ ಹೆಕ್ಟೇರಿಗೆ 3.2 ಟನ್. ಕೇಳಿದರೆ ರೋಮಾಂಚನ. ಆದರೆ ಈಗಿನ ಬೆಲೆಯಲ್ಲಿ ಇದು ಮಾರುಕಟ್ಟೆಗೆ ಗಿಟ್ಟುವಂಥದ್ದಲ್ಲ ಎಂದು ಅವರೇ ಬರೆದರು. ಪತ್ರಿಕೆಗಳಲ್ಲಿ ಮೊದಲ ಸಾಲು ದೊಡ್ಡದಾಗಿ ಬರುತ್ತದೆ, ಎರಡನೆಯದು ಬರುವುದಿಲ್ಲ.

ಸೊಪ್ಪಿನ ವ್ಯಾಪಾರವೂ ಸಲೀಸಾಗಿಲ್ಲ. ಹೀಗೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಬೆಳೆಯುವ ಕಲ್ಪನೆಯನ್ನು ಜನಪ್ರಿಯ ಮಾಡಿದವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಡಿಕ್ಸನ್ ಡೆಸ್ಪೊಮಿಯರ್ ಎಂಬ ಮೇಷ್ಟ್ರು. 1999ರಲ್ಲಿ ತಮ್ಮ ವಿದ್ಯಾರ್ಥಿಗಳ ಜೊತೆ ಲೆಕ್ಕ ಹಾಕುತ್ತಾ ಇದನ್ನು ಶುರುಮಾಡಿದರು. ಮುಂದೆ ಅಲ್ಲಿ ಇಂಥ ತೋಟದ ಕಂಪನಿಗಳಿಗೆ ದೊಡ್ಡ ದೊಡ್ಡ ಬಂಡವಾಳ ಬಂತು. ಏರೋಫಾರ್ಮ್ಸ್ 2023ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಬೌವರಿ 2024ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಪ್ಲೆಂಟಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಇವರು ಯಾರೂ ದಡ್ಡರಲ್ಲ, ಗಿಡಗಳು ಚೆನ್ನಾಗಿಯೇ ಬೆಳೆದವು. ಖರ್ಚಿನ ಎದುರು ಸೊಪ್ಪಿನ ಬೆಲೆ ನಿಲ್ಲಲಿಲ್ಲ.

ಹಾಗಂತ ಎಲ್ಲಾ ಕಡೆ ಇದು ದಂಡ ಅಂತ ನಾನು ಹೇಳುತ್ತಿಲ್ಲ. ಜಪಾನಿನ ಕ್ಯೋಟೊ ಪ್ರಾಂತ್ಯದಲ್ಲಿ 2018ರಲ್ಲಿ ಶುರುವಾದ ಒಂದು ತೋಟವನ್ನು ದಿನಕ್ಕೆ 30 ಸಾವಿರ ಲೆಟ್ಯೂಸ್ ಗಿಡ ಕೊಯ್ಯುವಂತೆ ಕಟ್ಟಿದ್ದಾರೆ. ದುಬೈಯಲ್ಲಿ 2022ರಲ್ಲಿ ತೆರೆದ ಬುಸ್ತಾನಿಕಾ ಎಂಬ ತೋಟದ ಗುರಿ ವರ್ಷಕ್ಕೆ ಸಾವಿರ ಟನ್ ಸೊಪ್ಪು. ಅಲ್ಲಿ ಬಿಸಿಲಿದೆ, ಸಿಹಿನೀರಿಲ್ಲ, ಮತ್ತೆ ದುಡ್ಡಿದೆ. ಜರ್ಮನಿಯವರು 2018ರಲ್ಲಿ ಅಂಟಾರ್ಕ್ಟಿಕಾದಲ್ಲಿ ಇಂಥದೊಂದು ಪೆಟ್ಟಿಗೆ ಇಟ್ಟು ಸೌತೆಕಾಯಿ, ಟೊಮ್ಯಾಟೊ ಬೆಳೆದರು. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಹುಟ್ಟದ ಜಾಗ ಅದು. ಅಲ್ಲಿ ಬಲ್ಬು ಬೇಕೇ ಬೇಕು. ಸಿಂಧನೂರಿನಲ್ಲಿ ಮೇ ತಿಂಗಳಲ್ಲಿ ನಿಂತು ಸೂರ್ಯನಿಗೆ ಬದಲಿ ಹುಡುಕುವುದು ಬೇರೆ ಮಾತು.

ಈಗ ನಮ್ಮ ಹೊಲಕ್ಕೆ ಬರುತ್ತೇನೆ. ಆ ತೋಟದಿಂದ ನಾನು ತರಬಹುದು ಅನ್ನಿಸಿದ್ದು ದೀಪ ಅಲ್ಲ, ರೋಬೊಟ್ ಅಲ್ಲ, ಅಳತೆ. ಬೇರಿಗೆ ಈಗ ನೀರು ಬೇಕಾ ಬೇಡವಾ ಎಂದು ಅಲ್ಲಿ ಪ್ರತಿ ಗಳಿಗೆಯೂ ಗೊತ್ತಿರುತ್ತದೆ. ನಮ್ಮಲ್ಲಿ? ಗದ್ದೆ ತುಂಬಾ ನೀರು ಕಂಡರೆ ಮನಸ್ಸಿಗೆ ಸಮಾಧಾನ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಪ್ರಕಾರ ಒಂದು ಕೆಜಿ ಭತ್ತಕ್ಕೆ ಸರಾಸರಿ 2,500 ಲೀಟರ್ ನೀರು ಹೋಗುತ್ತದೆ. ಅದರಲ್ಲಿ ಒಂದು ಪಾಲು ಇಂಗಿ, ಬಸಿದು ಹೋಗುವುದು.

ಅದೇ ಸಂಸ್ಥೆ ಒಂದು ಸೆನ್ಸರ್ ಹೇಳಿಕೊಟ್ಟಿದೆ. ನೋಡಿ, ತಂದಿದ್ದೇನೆ. ಒಂದು ಅಡಿ ಉದ್ದದ ಪ್ಲಾಸ್ಟಿಕ್ ಪೈಪು, ಕೆಳಗಿನ ಅರ್ಧಕ್ಕೆ ತೂತು. ಇದನ್ನು ಗದ್ದೆಯಲ್ಲಿ ತೂತಿರುವ ಭಾಗ ಮುಳುಗುವಂತೆ ಹುಗಿಯಬೇಕು, ಒಳಗಿನ ಮಣ್ಣು ತೆಗೆಯಬೇಕು. ಒಳಗೆ ಇಣುಕಿದರೆ ನೀರು ಎಷ್ಟು ಕೆಳಗಿದೆ ಅಂತ ಕಾಣುತ್ತದೆ. ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವ ತನಕ ನೀರು ಹಾಯಿಸಬೇಡಿ. ಹೂ ಬರುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತೇ ಇರಲಿ. ನೂರಕ್ಕೆ 30ರ ತನಕ ನೀರು ಉಳಿಯುತ್ತದೆ, ಇಳುವರಿ ಬೀಳುವುದಿಲ್ಲ. ನಮ್ಮ ಎರೆ ಮಣ್ಣಿನಲ್ಲಿ ಒಂದು ಎಚ್ಚರಿಕೆ ಬೇಕು. ಬಿರುಕು ಬಿಡುವಷ್ಟು ಒಣಗಿಸಿದರೆ ಮುಂದಿನ ನೀರೆಲ್ಲ ಬಿರುಕಿನಲ್ಲಿ ಇಳಿದು ಹೋಗುತ್ತದೆ. ಅದಕ್ಕೆ ಎರೆಯಲ್ಲಿ 15ರ ತನಕ ಕಾಯದೆ ಸ್ವಲ್ಪ ಮೊದಲೇ ಹಾಯಿಸುವುದು ಒಳ್ಳೆಯದು.

ಹಿಂದೆ ಕೂತ ಯಜಮಾನ್ರು ಏನೋ ಅಂದರು. ಜೋರಾಗಿ ಹೇಳ್ರಿ. "ನೀರು ಬಂದಾಗ ಬಿಡಬ್ಯಾಡ ಅಂತೀರಿ, ನಾಳೆ ಬರಲಿಲ್ಲಂದ್ರ?"

ಇದೇ ಪ್ರಶ್ನೆ. ಇದಕ್ಕೆ ಪೈಪಿನಲ್ಲಿ ಉತ್ತರವಿಲ್ಲ. ಆ ತೋಟದಲ್ಲಿ ಟ್ಯಾಂಕು ಪಕ್ಕದಲ್ಲೇ ಇದೆ, ಹಾಗಾಗಿ ಯಂತ್ರ ಧೈರ್ಯವಾಗಿ ಕಾಯುತ್ತದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್. ಮೇಲ್ಭಾಗದಲ್ಲಿ ಭತ್ತದ ಮೇಲೆ ಭತ್ತ, ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆ ಗೇಜ್ ಇಲ್ಲ, ಅಂದರೆ ಕಾಲುವೆಯಲ್ಲಿ ಬೇಕಾದಷ್ಟು ನೀರಿನ ಮಟ್ಟ ಇಲ್ಲ. ಕೊನೆಭಾಗದವನು ನೀರು ಕಂಡಾಗ ತುಂಬಿಸಿಕೊಳ್ಳುವುದು ದುರಾಸೆಯಿಂದಲ್ಲ, ಭಯದಿಂದ. ಡ್ಯಾಮಿನಲ್ಲೂ ಮೊದಲಿನಷ್ಟು ನೀರು ಹಿಡಿಯುವುದಿಲ್ಲ. 133 ಟಿಎಂಸಿ ಅಂತ ಕಟ್ಟಿದ್ದು ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಮೂರು ರಾಜ್ಯದವರು ಉಸಿರು ಹಿಡಿದು ಕೂತಿದ್ದೆವು. ಕಾಲುವೆಗೆ ಅಳತೆ ಬರದೆ ಹೊಲಕ್ಕೆ ಅಳತೆ ಬರಲಾರದು. ಪ್ರತಿ ವಿತರಣಾ ಕಾಲುವೆಯಲ್ಲಿ ಎಷ್ಟು ನೀರು ಹೋಯಿತು ಎಂದು ಅಳೆದು ಮೊಬೈಲಿಗೆ ಕಳಿಸುವ ಸೆನ್ಸರ್ ಇವತ್ತು ಚಂದ್ರಲೋಕದ ವಸ್ತುವಲ್ಲ. ಆ ಸೊಪ್ಪಿನ ತೋಟದಲ್ಲಿ ಅಂಥವು ಗೋಡೆ ತುಂಬಾ ಇವೆ. ಸರ್ಕಾರದ ದುಡ್ಡು ಈ ತಂತ್ರಜ್ಞಾನಕ್ಕೆ ಹೋಗಬೇಕಿದ್ದರೆ ಅದು ಕಾಲುವೆಗೆ ಹೋಗಲಿ, ಸಲಾಡ್ ಶೆಡ್ಡಿಗೆ ಬೇಡ. ಇದು ನನ್ನ ಅಭಿಪ್ರಾಯ, ಜಗಳಕ್ಕೂ ಸಿದ್ಧ.

ಇನ್ನೊಂದು ಮಾತು, ಸಸಿ ಬೆಳೆಸುವುದರದ್ದು. ಮುಚ್ಚಿದ ಕೋಣೆ ನಮ್ಮ ಕಡೆ ಗಿಟ್ಟುವ ಜಾಗ ಇದ್ದರೆ ಇದೊಂದೇ. ಮೆಣಸಿನಕಾಯಿ ಸಸಿಯ 98 ಗುಳಿಯ ಪ್ರೊಟ್ರೇ ತೆಗೆದುಕೊಂಡರೆ ಚದರ ಮೀಟರಿಗೆ 650ಕ್ಕೂ ಹೆಚ್ಚು ಸಸಿ ಕೂರುತ್ತವೆ. ಇಪ್ಪತ್ತು ದಿನ ದೀಪದಡಿ ಇಟ್ಟರೂ ಸಸಿಗೆ 25, 30 ಪೈಸೆ ಕರೆಂಟು. 2021ರಲ್ಲಿ ಕಪ್ಪು ಥ್ರಿಪ್ಸ್ ಎಂಬ ಹುಳ ಬಂದು ಬಳ್ಳಾರಿ, ರಾಯಚೂರಿನ ಮೆಣಸಿನಕಾಯಿ ಹೊಲಗಳನ್ನು ಹೇಗೆ ಒಣಗಿಸಿತು ಎಂದು ನಿಮಗೆ ಹೇಳಬೇಕಾಗಿಲ್ಲ. ಹುಳ ಮುಟ್ಟದ, ಮುಟುರು ರೋಗ ಹತ್ತದ ಸಸಿಗೆ ಅಷ್ಟು ದುಡ್ಡು ಕೊಡಬಹುದು. ಹೊಲಕ್ಕೆ ಹೋದ ಮೇಲೆ ಹುಳ ಬರುವುದು ಇದರಿಂದ ನಿಲ್ಲುವುದಿಲ್ಲ, ಅದು ಬೇರೆ ವಿಷಯ. ಕಸಿ ಕಟ್ಟಿದ ಬದನೆ, ಟೊಮ್ಯಾಟೊ ಸಸಿಗೂ ಮೊದಲ ಕೆಲವು ದಿನ ಮಂದ ಬೆಳಕು, ಹೆಚ್ಚು ತೇವದ ಕೋಣೆ ಬೇಕೇ ಬೇಕು. ಆದರೆ ಅಲ್ಲೂ ನಾನು ಹೇಳುವುದು, ಮೊದಲು ಹುಳ ನುಸುಳದ ಒತ್ತು ಬಲೆಯ ನೆರಳು ಮನೆ ಸರಿಯಾಗಿ ಮಾಡಿ. ಎರಡು ಬಾಗಿಲು ಇಡಿ, ಎರಡನ್ನೂ ಒಟ್ಟಿಗೆ ತೆರೆಯಬೇಡಿ. ಅಷ್ಟರಲ್ಲೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಬೆಳಕು ಹೇಗೂ ಪುಕ್ಕಟೆ.

ಮಾತು ಮುಗಿದ ಮೇಲೆ ಸುಮಾರು ಪ್ರಶ್ನೆ ಬಂದವು. ಒಂದನ್ನು ಮಾತ್ರ ಬರೆಯುತ್ತೇನೆ. ಕುಷ್ಟಗಿ ಕಡೆಯಿಂದ ಬಂದಿದ್ದ ಒಬ್ಬ ಅಕ್ಕ, ಎಮ್ಮೆ ಕಟ್ಟಿದವರು, ಕೇಳಿದರು: "ಟ್ರೇದಾಗ ಗೋವಿನಜೋಳದ ಮೇವು ಬೆಳೆಸೋ ಮಷೀನ್ ಮಾರಾಕ ಬಂದಾರ್‍ರಿ. ಒಂದ್ ಕೆಜಿ ಕಾಳಿಗೆ ಆರ್ ಕೆಜಿ ಮೇವಂತ. ತಗೊಳ್ಳೇನು?"

ಆರು ಕೆಜಿ ಬರುವುದು ಹೌದು ಅಂದೆ. ಆದರೆ ತೂಕ ಏರಿದ್ದು ನೀರಿನಿಂದ. ಮೊಳಕೆ ಒಡೆಯುವಾಗ ಕಾಳು ತನ್ನೊಳಗಿನ ಹಿಟ್ಟನ್ನೇ ಸುಟ್ಟು ಬೆಳೆಯುತ್ತದೆ. ಒಂದು ವಾರದ ಮೇಲೆ ಆ ಆರು ಕೆಜಿ ಮೇವಿನಲ್ಲಿ ಇರುವ ಒಣ ಅಂಶ ಮೊದಲಿನ ಒಂದು ಕೆಜಿ ಕಾಳಿಗಿಂತ ಕಡಿಮೆ. ಬೇಸಿಗೆಯಲ್ಲಿ ಹಸಿ ಮೇವು ಒಂದಿಷ್ಟು ಸಿಕ್ಕರೆ ಎಮ್ಮೆಗೆ ಒಳ್ಳೆಯದೇ, ಹೊಟ್ಟೆ ತುಂಬಿಸುವ ಮೇವಿನ ಲೆಕ್ಕದಲ್ಲಿ ಮಾತ್ರ ಅದನ್ನು ಹಿಡಿಯಬಾರದು. ನಂಬಿಕೆ ಬರದಿದ್ದರೆ ಅವರು ತಂದ ಟ್ರೇಯಿಂದ ಒಂದು ಕೆಜಿ ಮೇವು ತೂಗಿ, ಬಿಸಿಲಿಗೆ ಹರಡಿ, ಗರಿಗರಿ ಒಣಗಿದ ಮೇಲೆ ಮತ್ತೆ ತೂಗಿ ನೋಡಿ ಅಂದೆ. "ಅವ್ರು ಅಷ್ಟೊತ್ತು ಕುಂದ್ರತಾರೇನ್ರಿ?" ಅಂದರು ಅಕ್ಕ. ಕೂರದಿದ್ದರೆ ಮಷೀನ್ ತೆಗೆದುಕೊಳ್ಳಬೇಡಿ ಅಂದೆ.